ಕಿಟ್ಟಯ್ಯನ ಅಪ್ರೈಸಲ್

ನಮ್ಮ ಉದ್ಯೋಗ ವಿಶೇಷಾಂಕಕ್ಕೆ ಉತ್ತರ ಬೆಂಗಳೂರಿನ ಹಿರಿಯ ನಾಯಕರೊಬ್ಬರ ಸಂದರ್ಶನ ಬೇಕಿತ್ತು. ಟೆಕ್ ಪಾರ್ಕುಗಳ ದೊಡ್ಡವರೆಲ್ಲ 'ಮುಂದಿನ ಕ್ವಾರ್ಟರ್ ನೋಡೋಣ' ಅಂದರು. ಕೂಡಲೇ ಒಪ್ಪಿದ್ದು ಹೆಬ್ಬಾಳದ ವೀರಗಲ್ಲು ಒಂದೇ. ಸುಮಾರು ಕ್ರಿ.ಶ. 750ರಿಂದ ಒಂದೇ ಊರಲ್ಲಿ, ಒಂದೇ ಹುದ್ದೆಯಲ್ಲಿ ಇರುವ ಕಲ್ಲು. ಗಂಗರ ಕಾಲದಲ್ಲಿ ಈ ಸೀಮೆಗೆ ಪೆರ್ಬೊಳಲನಾಡು ಅಂತ ಹೆಸರು. ರಟ್ಟರು ನುಗ್ಗಿದಾಗ ಎದುರು ನಿಂತು ಸತ್ತ ಕಿಟ್ಟಯ್ಯ ಎಂಬವನಿಗಾಗಿ ನೆಟ್ಟದ್ದು. ಅಪಾಯಿಂಟ್‌ಮೆಂಟ್ ಬೇಕೇ ಎಂದು ಕೇಳಿದ್ದಕ್ಕೆ, 'ಎಲ್ಲಿಗೆ ಹೋಗ್ತೀನಿ, ಬನ್ನಿ' ಅಂದಿತು.

ಪ್ರಶ್ನೆ: ಮೊದಲಿಗೆ ನಿಮ್ಮ ಬಗ್ಗೆ ಎರಡು ಮಾತು.

ಕಲ್ಲು: ಇರೋದೇ ಎರಡು ಮಾತು. ಕೊರೆದವನು ಜಾಗ ನೋಡಿಕೊಂಡು ಕೊರೆದ. ಒಂದೊಂದು ಅಕ್ಷರಕ್ಕೂ ಉಳಿ ಏಟು ಬೀಳಬೇಕಲ್ಲ, 'ಡೈನಾಮಿಕ್', 'ಪ್ಯಾಶನೇಟ್' ಅಂತೆಲ್ಲ ತುಂಬೋಕೆ ಯಾರ ರಟ್ಟೆ ಬರುತ್ತೆ? ನಿಮ್ಮ ಹುಡುಗರ ನಾಲ್ಕು ಪುಟದ ಬಯೋಡೇಟಾ ಒಂದು ಸಲ ಕಲ್ಲಲ್ಲಿ ಬರೆಸಿ ನೋಡಿ. ಹೆಸರು, ಊರು ಬಿಟ್ಟು ಏನೂ ಉಳಿಯಲ್ಲ.

ಪ್ರಶ್ನೆ: ನಿಮ್ಮಲ್ಲಿ ಏನೇನು ಉಳಿದಿದೆ?

ಕಲ್ಲು: ಮೊದಲು, ಗಂಗ ದೊರೆ ಶ್ರೀಪುರುಷ ಮಹಾರಾಜರು ಭೂಮಿ ಆಳ್ತಿದ್ದರು ಅಂತ. ಆಮೇಲೆ ನಾಡಿನ ಸುದ್ದಿ. ಕಿಟ್ಟಯ್ಯ ಬರೋದು ಅದಕ್ಕೂ ಆಮೇಲೆ.

ಪ್ರಶ್ನೆ: ಸತ್ತವನು ಕಿಟ್ಟಯ್ಯ ತಾನೇ?

ಕಲ್ಲು: ಅವನೇ. ಮಹಾರಾಜರು ಆ ಹೊತ್ತಿಗೆ ಎಲ್ಲಿದ್ದರು ಅಂತ ಕೇಳಬೇಡಿ, ಕಲ್ಲಲ್ಲಿ ಇಲ್ಲ. ಪ್ರಾಜೆಕ್ಟು ಮುಗಿದ ದಿನ ನಿಮಗೂ ಒಂದು ಮೇಲ್ ಬರುತ್ತಂತಲ್ಲ, 'ನಮ್ಮ ವೈಸ್ ಪ್ರೆಸಿಡೆಂಟರ ದೂರದೃಷ್ಟಿಯ ನಾಯಕತ್ವದಲ್ಲಿ' ಅಂತ ಶುರುವಾಗೋದು? ಬೆಳಗಿನ ಜಾವ ಮೂರಕ್ಕೆ ಸರ್ವರ್ ಎಬ್ಬಿಸಿದ ಹುಡುಗನ ಹೆಸರು ಕಡೇ ಸಾಲಲ್ಲಿ, ಅದೂ ಸ್ಪೆಲಿಂಗ್ ತಪ್ಪಾಗಿ. ಆ ವಿಷಯದಲ್ಲಿ ಗಂಗರು ಮೇಲು. ಕಿಟ್ಟಯ್ಯನನ್ನ ಕಿಟ್ಟಯ್ಯ ಅಂತಲೇ ಕೊರೆಸಿದರು.

ಪ್ರಶ್ನೆ: ಶ್ರೀಪುರುಷರ ನಾಯಕತ್ವದಿಂದ ನಮ್ಮ ಮ್ಯಾನೇಜರುಗಳು ಕಲಿಯಬೇಕಾದ್ದು?

ಕಲ್ಲು: ಕಲಿತಾಗಿದೆ. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕುರ್ಚಿ ಬಿಡಲಿಲ್ಲ. ಆಫೀಸನ್ನು ತಲಕಾಡಿನ ಕಡೆಯಿಂದ ನಮ್ಮ ನೆಲಮಂಗಲದ ಮಣ್ಣೆಗೆ ತಂದರು. ಗಾಡಿ ಕಟ್ಟಿಕೊಂಡು ಹಿಂದೆ ಬಂದ ಗುಮಾಸ್ತರಿಗೆ ಶಿಫ್ಟಿಂಗ್ ಅಲೋಯನ್ಸ್ ಕೊಟ್ಟ ಶಾಸನ ನಾನಂತೂ ಕೇಳಿಲ್ಲ. ಮತ್ತೆ, ಪುಸ್ತಕ ಬರೆದರು! 'ಗಜಶಾಸ್ತ್ರ', ಆನೆಗಳ ಮೇಲೆ. ನಿಮ್ಮ ಸಿಇಒಗಳೂ ಬರೀತಾರಂತೆ, ಬೆಳಿಗ್ಗೆ ನಾಲ್ಕಕ್ಕೆ ಏಳೋದು, ತಣ್ಣೀರು ಸ್ನಾನ ಮಾಡೋದು. ಆನೆಯೇ ವಾಸಿ.

ಪ್ರಶ್ನೆ: ಪ್ರಮೋಷನ್ ಬಗ್ಗೆ ಮಾತಾಡೋಣ.

ಕಲ್ಲು: ನನ್ನ ನಂತರದ ಬ್ಯಾಚಿನ ವೀರಗಲ್ಲುಗಳನ್ನ ಹತ್ತಿರ ಹೋಗಿ ನೋಡಿ, ಬಹಳಷ್ಟರಲ್ಲಿ ಮೂರು ಅಂತಸ್ತು. ಕೆಳಗೆ ಕಾಳಗ: ಕತ್ತಿ, ಬಿಲ್ಲು, ಕುದುರೆ, ಕಾಲಡಿ ಬಿದ್ದವರು, ಒಂದಿಂಚು ಜಾಗ ಖಾಲಿ ಇರಲ್ಲ. ನಡುವೆ ಅಪ್ಸರೆಯರು ಸತ್ತ ವೀರನ ಎರಡೂ ತೋಳು ಹಿಡಿದು ಎತ್ತಿಕೊಂಡು ಹೋಗ್ತಿರ್ತಾರೆ. ಮೇಲೆ, ಸೂರ್ಯ ಚಂದ್ರರ ಕೆಳಗೆ, ಲಿಂಗದ ಮುಂದೆ ಕಾಲು ಮಡಿಸಿ ಕೂತಿರ್ತಾನೆ. ಮಾಡೋಕೆ ಏನೂ ಕೆಲಸವಿಲ್ಲ. ಇದಕ್ಕಿಂತ ಚೊಕ್ಕವಾದ ಕರಿಯರ್ ಲ್ಯಾಡರ್ ಯಾವ ಎಚ್‌ಆರ್ ಬರೆದಾರು? ಒಂದೇ ಷರತ್ತು, ಮೊದಲನೇ ಅಂತಸ್ತಿಂದ ಎರಡನೇದಕ್ಕೆ ಹೋಗೋಕೆ ಸಾಯಬೇಕು.

ಪ್ರಶ್ನೆ: ಈಗ ಹಾಗಿಲ್ಲ ಬಿಡಿ.

ಕಲ್ಲು: ಇಲ್ಲವೇ? ಬೆಳಿಗ್ಗೆ ಎಂಟೂವರೆಗೆ ಹೆಬ್ಬಾಳ ಫ್ಲೈಓವರ್ ಮೇಲೆ ನಿಂತ ಕ್ಯಾಬಿನೊಳಗೆ ಬಗ್ಗಿ ನೋಡಿ. ತೊಡೆ ಮೇಲೆ ಲ್ಯಾಪ್‌ಟಾಪ್, ಅದರ ಮೇಲೆ ಇಡ್ಲಿ ಡಬ್ಬಿ, ಚಟ್ನಿ ತಾಗದಿರಲಿ ಅಂತ ಕೊರಳ ಐಡಿ ಕಾರ್ಡನ್ನ ಶರಟಿನ ಗುಂಡಿಗಳ ನಡುವೆ ತುರುಕಿಕೊಂಡು, ಮ್ಯೂಟ್ ತೆಗೆದು 'ಯೆಸ್, ಆಡಿಬಲ್' ಅಂತಿರ್ತಾನೆ. ಮೊದಲನೇ ಅಂತಸ್ತು ಅದೇ. ಅಪ್ಸರೆಯರೂ ಹೊರಟಿರಬಹುದು, ಸರ್ವೀಸ್ ರೋಡಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ.

ಪ್ರಶ್ನೆ: ಸೌಲಭ್ಯಗಳು?

ಕಲ್ಲು: ಕಾದಿ ಸತ್ತವನ ಮನೆಯವರಿಗೆ ನೆಲ ಬಿಟ್ಟುಕೊಡೋ ಪದ್ಧತಿ ಇತ್ತು. ನೆತ್ತರುಕೊಡಗೆ ಅಂತಿದ್ದರು. ಹೆಸರಲ್ಲೇ ಯಾವುದಕ್ಕೆ ಕೊಟ್ಟದ್ದು ಅಂತ ಸ್ಪಷ್ಟವಾಗಿತ್ತು, ವೆಲ್‌ನೆಸ್ ಅಂತೆಲ್ಲ ಕರೀತಿರಲಿಲ್ಲ. ನಿಮ್ಮ 1972ರ ಗ್ರಾಚ್ಯುಟಿ ಕಾಯ್ದೆ ಐದು ವರ್ಷ ದುಡಿಯಬೇಕು ಅಂತ ಇಟ್ಟಿತು. ಸರಿಯಾಗಿ ನಾಲ್ಕೂವರೆ ವರ್ಷಕ್ಕೇ 'ಪುನರ್ರಚನೆ' ಯಾಕೆ ಬರುತ್ತೋ, ಆ ಗಣಿತ ಕಲ್ಲಾದ ನನಗೂ ಅರ್ಥವಾಗುತ್ತೆ.

ಪ್ರಶ್ನೆ: ನಮ್ಮ ಕಂಪನಿಗಳ ದೊಡ್ಡ ತಲೆನೋವು ನಿಷ್ಠೆ. ಎರಡು ವರ್ಷಕ್ಕೆ ಹುಡುಗರು ಹಾರಿಬಿಡುತ್ತಾರೆ.

ಕಲ್ಲು: ಗಂಗರಲ್ಲಿ ಅದಕ್ಕೆ ಮದ್ದಿತ್ತು, ಕೀಳ್ಗುಂಟೆ. ಒಡೆಯ ಸತ್ತರೆ ಅವನ ಸಮಾಧಿಯ ಕೆಳಗೆ ಸೇವಕನೂ ಮಣ್ಣಾಗೋದು. ಹೊಯ್ಸಳರ ಕಾಲಕ್ಕೆ ಗರುಡರು ಬಂದರು, ಒಡೆಯನ ಜೊತೆಗೇ ಪ್ರಾಣ ಅಂತ ವ್ರತ ತೊಟ್ಟವರು. ಹಳೇಬೀಡಿನ ಗುಡಿ ಹತ್ತಿರ ಕುವರಲಕ್ಷ್ಮನ ಕಂಬ ಇದೆ. ಎರಡನೇ ವೀರಬಲ್ಲಾಳನಿಗಾಗಿ ಅವನೂ ಅವನ ಕಡೆಯವರೂ ಪ್ರಾಣ ಕೊಟ್ಟಿದ್ದು, ತಲೆ ಕತ್ತರಿಸಿಕೊಳ್ತಿರೋ ಚಿತ್ರದ ಸಮೇತ. ನೂರಕ್ಕೆ ನೂರು ರಿಟೆನ್ಷನ್. ನಿಮ್ಮಲ್ಲಿ ಬಾಸು ಬೇರೆ ಕಂಪನಿಗೆ ಹಾರುವಾಗ ತಂಡವನ್ನೂ ಎಳೆದುಕೊಂಡು ಹೋಗ್ತಾನಲ್ಲ, ಅದು ಇದರ ಅಗ್ಗದ ಆವೃತ್ತಿ. ಹುಡುಗರು ಎರಡು ವರ್ಷಕ್ಕೆ ಹಾರಿದರೆ ನಾನು ತಪ್ಪು ಅನ್ನಲ್ಲ. ಕಿಟ್ಟಯ್ಯನಿಗೆ ನೋಟಿಸ್ ಪಿರಿಯಡ್ ಇದ್ದಿದ್ದರೆ ಚೆನ್ನಾಗಿತ್ತು.

(ಇಲ್ಲಿ ಕಲ್ಲು ಸ್ವಲ್ಪ ಹೊತ್ತು ಸುಮ್ಮನಾಯಿತು. ಕಲ್ಲು ಸುಮ್ಮನಾದದ್ದು ಹೇಗೆ ಗೊತ್ತಾಯಿತು ಎಂದು ಓದುಗರು ಕೇಳಬಾರದು.)

ಪ್ರಶ್ನೆ: ವಿಸಿಬಿಲಿಟಿ ಇಲ್ಲದೆ ಬೆಳವಣಿಗೆ ಇಲ್ಲ ಅನ್ನುತ್ತಾರೆ.

ಕಲ್ಲು: ಬೇಗೂರಿನ ಕಲ್ಲಿದ್ದಾನಲ್ಲ, ಅವನನ್ನ ಕೇಳಿ. ಸುಮಾರು 900ರವನು, ನನಗಿಂತ ಒಂದೂವರೆ ಶತಮಾನ ಜೂನಿಯರ್. ಆದರೆ ಅವನಲ್ಲಿ ಬೆಂಗಳೂರು ಅನ್ನೋ ಹೆಸರಿದೆ, ಬೆಂಗಳೂರಿನ ಕಾಳಗ ಅಂತ. ಬ್ರಾಂಡ್ ನೋಡಿ! ರಾಜ್ಯೋತ್ಸವ ಬಂದರೆ ಎಲ್ಲ ಭಾಷಣದಲ್ಲೂ ಅವನೇ. ನಾನು ಪೆರ್ಬೊಳಲನಾಡು ಅಂತ ಬರೆಸಿಕೊಂಡೆ, ಈಗ ಆಟೋದವರಿಗೆ ಹೇಳಿದರೂ ಗೊತ್ತಾಗಲ್ಲ.

ಪ್ರಶ್ನೆ: ಹಾಗಾದರೆ ನಿಮ್ಮನ್ನು ಗುರುತಿಸಿದ ಮೆಂಟರ್ ಯಾರು?

ಕಲ್ಲು: ಒಳಚರಂಡಿ ಕೆಲಸ. 2018ರಲ್ಲಿ ಅಗೀತಾ ಅಗೀತಾ ಎದ್ದು ಬಂದೆ. ಒಡೆದು ಜಲ್ಲಿ ಮಾಡೋಕೆ ಮುಂಚೆ ಯಾರೋ ಅಕ್ಷರ ಕಂಡರು, ಶಾಸನ ಬಲ್ಲವರು ಓದಿದರು, ಜನ ದುಡ್ಡು ಹಾಕಿ ಮಂಟಪ ಕಟ್ಟಿಸಿದರು. 1909ರಲ್ಲಿ ಹುಟ್ಟಿದ ಮಿಥಿಕ್ ಸೊಸೈಟಿಯ ಯೋಜನೆಯಲ್ಲಿ ನನ್ನ 3ಡಿ ಸ್ಕ್ಯಾನೂ ಆಯಿತು, ಅಂದರೆ ಬಯೋಮೆಟ್ರಿಕ್ ಮುಗಿದಿದೆ. ಇದರಲ್ಲಿ ನನ್ನ ಲೀಡರ್‌ಶಿಪ್ ಎಷ್ಟು? ಪಿಕಾಸಿ ಒಂದು ಗೇಣು ಆಚೆ ಬಿದ್ದಿದ್ದರೆ ಈ ಸಂದರ್ಶನ ಯಾರದಾಗ್ತಿತ್ತು? ಯಲಹಂಕದ ಹೋಟೆಲಲ್ಲಿ ದುಡ್ಡು ತಗೊಂಡು ಯಶಸ್ಸಿನ ಏಳು ಗುಟ್ಟು ಹೇಳೋರು ಈ ಪಿಕಾಸಿ ವಿಷಯ ಎತ್ತೋದೇ ಇಲ್ಲ.

ಪ್ರಶ್ನೆ: ಕೊನೆಯದಾಗಿ ಯುವ ಉದ್ಯೋಗಿಗಳಿಗೆ ಒಂದು ಸಂದೇಶ?

ಕಲ್ಲು: ಅದಿರಲಿ. ಇದು ಯಾರ ಹೆಸರಲ್ಲಿ ಅಚ್ಚಾಗುತ್ತೆ?

ಪ್ರಶ್ನೆ: ಪರಿಕಲ್ಪನೆ, ಪ್ರಧಾನ ಸಂಪಾದಕರು. ಮಾರ್ಗದರ್ಶನ, ವಿಶೇಷಾಂಕದ ಸಂಪಾದಕರು. ಕೆಳಗೆ ನನ್ನ ಹೆಸರು, ಜಾಹೀರಾತು ಬರದೆ ಜಾಗ ಉಳಿದರೆ.

ಕಲ್ಲು: ಕಿಟ್ಟಯ್ಯನಿಗೆ ಜಾಗ ಉಳಿದಿತ್ತು.