ಹಸರ ಲೈಟ್ ಐತಿ, ನೆಟ್ ಯಾಕ ನಿಧಾನ?

ಫೈಬರ್ ತಂತಿ ಕಡದಿಲ್ಲರೀ ಕಾಕಾ. ಕಡದಿದ್ರ ನಿಮ್ಮ ಡಬ್ಬಿ ಮ್ಯಾಲ ಲಾಸ್ ಅಂತ ಬರದಲ್ಲೆ ಕೆಂಪ ಲೈಟ್ ಹತ್ತತಿತ್ತು. ಪಾನ್ ಲೈಟ್ ಹಸರ ನಿಂತೈತಿ ಅಂದ್ರ ನವಲಗುಂದದಾಗಿನ ಕಂಪನಿ ಸ್ವಿಚ್ಚಿನಿಂದ ನಿಮ್ಮ ಪಡಸಾಲಿತನಕಾ ಬೆಳಕು ಸುಸೂತ್ರ ಬಂದೈತಿ. ಸಂಜಿ ಆತಂದ್ರ ಮಗಳ ಮಾರಿ ಫೋನಿನ್ಯಾಗ ನಿಂತಲ್ಲೆ ನಿಂದರತೈತಿ ಅಂತೀರಲ್ಲ, ಅದರ ಕತಿ ಬ್ಯಾರೇನ ಐತಿ.

ಕಂಬದ ಮ್ಯಾಲ ಕರೀ ಡಬ್ಬಿ ನೋಡ್ರಿ, ಅದರಾಗ ಸ್ಪ್ಲಿಟರ್ ಐತಿ. ಒಂದು ಎಳಿ ಒಳಗ ಹೋಗಿ ಮನಿಮನಿಗೆ ಒಡೀತೈತಿ. ಜಿಪಾನ್ ಅನ್ನೂ ಫೈಬರ್ ಪದ್ಧತಿಯೊಳಗ ಒಂದು ಎಳಿಗೆ ಬರೂದು ಹೆಚ್ಚುಕಡಿಮಿ 2,500 ಎಂಬಿಪಿಎಸ್. 64 ಮನಿಗೆ ತಲಾ 100 ಅಂತ ಮಾತು ಕೊಟ್ರ 6,400 ಆತು. ಎಲ್ಲಾರೂ ಒಮ್ಮೆಲೆ ಕುಂತ್ರ ಪಾಲಿಗೆ ಬರೂದು 39. ಹಗಲಿನ್ಯಾಗ ಹೊಲಕ್ಕ ಹೋದಾಗ ಯಾರಿಗೂ ತಿಳಿಯೂದಿಲ್ಲ, ಸಂಜಿಗೆ ಬಯಲಾಕೈತಿ.

ಮಲಪ್ರಭಾ ಕಾಲುವಿ ಇದ್ದಂಗ, ಕೊನಿಯವ್ರಿಗೆ ನೀರಿಲ್ಲ ಅಂತೀರೇನು? ಅಲ್ಲರೀ, ಇಲ್ಲೆ ಹಂಗಿಲ್ಲ. 20 ಕಿಲೋಮೀಟರ್ ಒಳಗಿದ್ರ ಮೊದಲನೇ ಮನಿಗೂ ಕೊನೇ ಮನಿಗೂ ಒಂದ ವೇಗ. ಯಾರಿಗೆಷ್ಟು ಅನ್ನೂದು ಸ್ವಿಚ್ಚಿನ್ಯಾಗ ಬರದಿಟ್ಟ ಲೆಕ್ಕ.

ಆ ಲೆಕ್ಕಕ್ಕ ಟೋಕನ್ ಬಕೆಟ್ ಅಂತಾರ. ನಿಮ್ಮ ಹೆಸರಿಗೆ ಸೆಕೆಂಡಿಗೆ ಇಷ್ಟು ಅಂತ ಟೋಕನ್ ಜಮಾ ಆಕ್ಕಾವ. ಡೇಟಾದ ಪ್ಯಾಕೆಟ್ ದಾಟಬೇಕಂದ್ರ ಅದರ ಗಾತ್ರದಷ್ಟು ಟೋಕನ್ ಖರ್ಚಾಗಬೇಕು. ಸುಮ್ಮನಿದ್ದಾಗ ಬಕೆಟ್ ತುಂಬಿರತೈತಿ. ಅದಕ್ಕ ಕೆಲವು ಸಲ ಸ್ಪೀಡ್ ಟೆಸ್ಟ್ ಒತ್ತಿದ ಕೂಡಲೆ ಮುಳ್ಳು ಮ್ಯಾಲ ಹಾರಿ, ಆಮ್ಯಾಲ ಇಳದು ನಿಂದರತೈತಿ.

ಟೋಕನ್ ತೀರಿದ ಮ್ಯಾಲ ಎರಡು ದಾರಿ. ಪ್ಯಾಕೆಟ್ ಒಗದುಬಿಡೂದು ಪೊಲೀಸಿಂಗ್, ಸಾಲಿನ್ಯಾಗ ನಿಂದ್ರಿಸಿ ಸಾವಕಾಶ ಬಿಡೂದು ಶೇಪಿಂಗ್. ಸಿನಿಮಾ ನೋಡವ್ರಿಗೆ ಎರಡೂ ನಡೀತಾವ, ಕಳದದ್ದನ್ನ ಆ ಕಡಿಂದ ಮತ್ತ ಕಳಸ್ತಾರ. ಮಗಳ ಮಾತಿಗೆ ಎರಡೂ ತ್ರಾಸ. ತಡಾ ಆಗಿ ಬಂದ ಮಾತು ಬಂದೂ ಉಪಯೋಗಿಲ್ಲ. ಮಾತಿನ ಪ್ಯಾಕೆಟ್ಟಿಗೆ ಬ್ಯಾರೆ ಸಾಲು ಮಾಡಿ ಮೊದಲ ಬಿಡಬೇಕು. ಸ್ವಿಚ್ಚಿಗೆ ಅದು ಬರತೈತಿ, ಹಚ್ಚವ್ರು ಮನಸ್ಸು ಮಾಡಬೇಕು.

ಮಿತೀನ ಬ್ಯಾಡ ಅನ್ನಬ್ಯಾಡ್ರಿ ಮತ್ತ. 1986ರ ಅಕ್ಟೋಬರದಾಗ ಅಮೆರಿಕಾದ ಬರ್ಕ್ಲಿಯೊಳಗ ಬರೇ 400 ಗಜ ಅಂತರದ ಎರಡು ಜಾಗಾದ ನಡುವ ಸೆಕೆಂಡಿಗೆ 32,000 ಬಿಟ್ ಹೋಗೂ ದಾರಿ 40 ಬಿಟ್ಟಿಗೆ ಇಳದಿತ್ತು. ಕಳದದ್ದನ್ನ ಎಲ್ಲಾರೂ ಮತ್ತ ಮತ್ತ ಕಳಿಸಿ ದಾರೀನ ಕಟ್ಟಿತ್ತು. ಪ್ಯಾಕೆಟ್ ಕಳೀತಂದ್ರ ಕಳಸವ್ರ ವೇಗ ಇಳಸಬೇಕು ಅನ್ನೂ ಪದ್ಧತಿ ಕಟ್ಟಿ ಸಂಶೋಧಕ ವ್ಯಾನ್ ಜೇಕಬ್‌ಸನ್ 1988ರಾಗ ಬರದ್ರು. ಅದರ ಆಧಾರದ ಮ್ಯಾಲ ಇವತ್ತಿನ ಇಂಟರ್ನೆಟ್ಟು ನಡದೈತಿ.

ನನ್ನ ತಕರಾರು ಬ್ಯಾರೆ ಐತ್ರಿ. "100ರ ತನಕಾ" ಅಂತ ಮ್ಯಾಲಿನ ಅಂಕಿ ದಪ್ಪಗ ಬರೀತಾರ, ಕೆಳಗ ಇಷ್ಟಕ್ಕಿಂತ ಇಳಿಯೂದಿಲ್ಲ ಅಂತ ಬರಿಯೂದಿಲ್ಲ. ಸ್ವಿಚ್ಚಿನ್ಯಾಗ ಖಾತ್ರಿ ವೇಗಕ್ಕೂ ಜಾಗಾ ಐತಿ. ಬ್ರಾಡ್‌ಬ್ಯಾಂಡ್ ಅಂದ್ರ ಕನಿಷ್ಠ 512 ಕೆಬಿಪಿಎಸ್ ಅಂತಿದ್ದದ್ದನ್ನ ಕೇಂದ್ರ ಸರಕಾರ 2023ರಾಗ 2 ಎಂಬಿಪಿಎಸ್ ಮಾಡಿತು. ಸರಕಾರದ ಭಾರತ್‌ನೆಟ್ ಎಳಿ ಬಂದಲ್ಲೆಲ್ಲಾ ಹುಡುಗ್ರ ಸಾಲಿಗೆ, ಪಹಣಿ ತಗಿಯೂ ಕೇಂದ್ರಕ್ಕ ಖಾತ್ರಿ ಎಷ್ಟು ಅಂತ ಗ್ರಾಮಸಭಾದಾಗ ಕೇಳಲೇಬೇಕು. ನೀವೂ ಫೈಬರ್ ಹುಡುಗ ಬಂದಾಗ ಬರೇ ಡಬ್ಬಿ ಬಂದ್ ಮಾಡಿ ಚಾಲೂ ಮಾಡಿಸಿ ಕಳಸಬ್ಯಾಡ್ರಿ. ಒಂದು ಎಳಿಗೆ ಎಷ್ಟು ಮನಿ ಹಚ್ಚೀರಿ, ಸಂಜಿ ಎಂಟಕ್ಕ ಕಡಿಮಿ ಅಂದ್ರ ಎಷ್ಟು ಕೊಡ್ತೀರಿ, ಈ ಎರಡು ಕೇಳಿ ಬರಸ್ಕೊಳ್ರಿ.