ಲೆಕ್ಕದ ಡಬ್ಬಿಯ ಸಂಗೀತ

ಕ್ಯಾಸಿಯೋ ವಿಎಲ್-1 ಕಂಡವರು ಅದನ್ನು ಗುಮಾಸ್ತರ ಮೇಜಿನಿಂದ ತಪ್ಪಿಸಿಕೊಂಡ ಕ್ಯಾಲ್ಕುಲೇಟರ್ ಎಂದುಕೊಂಡರೆ ತಪ್ಪಿಲ್ಲ. 1980ರ ಆಸುಪಾಸಿನಲ್ಲಿ ಜಪಾನಿನಿಂದ ಬಂದ ಈ ಪುಟ್ಟ ಪಟ್ಟಿಯಲ್ಲಿ 29 ಗುಂಡಿಗಳ ಕೀಬೋರ್ಡು, ಒಂದಿಷ್ಟು ತಾಳಗಳು, ಜೊತೆಗೆ ಕೂಡಿ ಕಳೆಯುವ ಅಸಲಿ ಲೆಕ್ಕದ ಯಂತ್ರ!

ಮಜಾ ಇರುವುದು ಒಳಗೆ. ಎಂಟು ಅಂಕಿ ಒತ್ತಿ ಮೆಮೊರಿಗೆ ಹಾಕಿದರೆ ಅದೇ ಹೊಸ ನಾದ. ಮೊದಲ ಅಂಕಿ ದನಿಯ ಜಾತಿಯನ್ನು ಆರಿಸುತ್ತದೆ. ಉಳಿದವು ಅದು ಹೇಗೆ ಏರಬೇಕು, ಎಷ್ಟು ನಿಲ್ಲಬೇಕು, ಎಷ್ಟು ನಡುಗಬೇಕು ಎಂದು ತೀರ್ಮಾನಿಸುತ್ತವೆ. ಸಾಲ ಎಂಟಂಕಿ ಮುಟ್ಟಿದವರಿಗೆ ಅದನ್ನು ನುಡಿಸಿ ಕೇಳುವ ಸುಯೋಗ.

ಜರ್ಮನಿಯ ಟ್ರಿಯೋ ತಂಡ 1982ರ ‘ಡಾ ಡಾ ಡಾ’ ಹಾಡಿಗೆ ಇದನ್ನೇ ಬಳಸಿತು. ಹಾಡು ಯುರೋಪಿನಲ್ಲೆಲ್ಲ ಗೆದ್ದಿತು.

ಹಳೆಯ ವಿಎಲ್-1 ಹುಡುಕಿ ಕೊಳ್ಳುವವರು ಇಂದಿಗೂ ಇದ್ದಾರೆ. ಅದರಲ್ಲಿ ಅವರು ಲೆಕ್ಕ ಮಾಡುವುದು ಅಪರೂಪ, ಕೊಟ್ಟ ಬೆಲೆಯನ್ನಂತೂ ಇಲ್ಲವೇ ಇಲ್ಲ.