ಕಂಟೇನರಿನ ಕಾಶೀಮರಣ: ಒಂದು ತಾರ್ಕಿಕ ಜಿಜ್ಞಾಸೆ

ಕಾಶಿಯಲ್ಲಿ ಕಂಟೇನರು ಎಂದೊಡನೆ ಕೆಲವರು ರಾಮನಗರದ ಬಂದರನ್ನು ನೆನೆಯುತ್ತಾರೆ. 2018ರ ನವೆಂಬರಿನಲ್ಲಿ ಕೋಲ್ಕತ್ತದ ಹಡಗೊಂದು ಗಂಗೆಯ ಮೇಲೆ 16 ಕಂಟೇನರು ಹೊತ್ತು ಅಲ್ಲಿಗೆ ಬಂದದ್ದು ನಿಜ. ಅವು ಕಬ್ಬಿಣದವು, ತಾವಾಗಿ ಸಾಯುವುದಿಲ್ಲ. ಆದ್ದರಿಂದ ಶಾಸ್ತ್ರಕ್ಕೆ ಹೊರತು. ಪ್ರಕೃತ ವಿಷಯ 2013ರಲ್ಲಿ ಡಾಕರ್ ಎಂಬ ನಾಮದಿಂದ ಅವತರಿಸಿದ, ಶುಕ್ರವಾರ ಸಂಜೆ ಹೇಳದೆ ಕೇಳದೆ ನಿಂತುಹೋಗುವ ನಿರಾಕಾರ ತಂತ್ರಾಂಶ ಕಂಟೇನರು.

ಮರಣದ ಚರ್ಚೆಗೆ ಕಾಶಿಗಿಂತ ಪ್ರಶಸ್ತವಾದ ಊರಿಲ್ಲ, ತರ್ಕಕ್ಕೂ ಇಲ್ಲ. ಕಾಶಿಗೆ ಹೋದಮಾತ್ರಕ್ಕೆ ಯಾರೂ ಅನ್ನಂಭಟ್ಟರಾಗುವುದಿಲ್ಲ ಎಂಬ ಹಳೆಯ ಚಾಟಿ ನಮ್ಮ ಬೆನ್ನಿಗೂ ಬೀಳಬಹುದು. ಆದರೂ ಅವರ ತರ್ಕಸಂಗ್ರಹವನ್ನು ಲ್ಯಾಪ್‌ಟಾಪಿನ ಪಕ್ಕದಲ್ಲೇ ಇಟ್ಟುಕೊಂಡಿದ್ದೇವೆ.

ಅಥ ಪೂರ್ವಪಕ್ಷ. ಬೆಂಗಳೂರಿನ ಹೊರವರ್ತುಲ ರಸ್ತೆಯುದ್ದಕ್ಕೂ ಪ್ರಬಲವಾಗಿರುವುದು ರೀಸ್ಟಾರ್ಟ್‌ವಾದ. ಸತ್ತದ್ದನ್ನು ಎಬ್ಬಿಸು, ಎದ್ದರೆ ಕಾರಣ ಕೇಳಬೇಡ, ಏಳದಿದ್ದರೆ ಇನ್ನೊಮ್ಮೆ ಎಬ್ಬಿಸು. ‘ನನ್ನ ಮಷೀನಿನಲ್ಲಿ ಓಡುತ್ತಿತ್ತಲ್ಲ’ ಎನ್ನುವ ಇನ್ನೊಂದು ದರ್ಶನವೂ ಉಂಟು. ಅದರ ಖಂಡನೆಗೆಂದೇ ಕಂಟೇನರು ಹುಟ್ಟಿದ್ದರಿಂದ ಇಲ್ಲಿ ಮತ್ತೆ ಖಂಡಿಸುವುದಿಲ್ಲ.

ಇನ್ನು ಸಿದ್ಧಾಂತ. ನೈಯಾಯಿಕರ ಪ್ರಮಾಣ ನಾಲ್ಕು. ಪ್ರತ್ಯಕ್ಷದಲ್ಲೇ ಅನೇಕರು ಎಡವುತ್ತಾರೆ: ಬರೀ ‘ಡಾಕರ್ ಪಿಎಸ್’ ಎಂದರೆ ಬದುಕಿರುವವರ ಪಟ್ಟಿ ಮಾತ್ರ ಬರುತ್ತದೆ; ಸತ್ತವರನ್ನು ಕಾಣಲು ಕೊನೆಗೊಂದು ‘ಎ’ ಸೇರಿಸಬೇಕು. ಶಬ್ದಪ್ರಮಾಣವೆಂದರೆ ಲಾಗು. ಕಂಟೇನರನ್ನು ಅಳಿಸಿಹಾಕಿ ಆಮೇಲೆ ಲಾಗು ಹುಡುಕುವವನು ಮಣಿಕರ್ಣಿಕೆಯ ಬೂದಿಯನ್ನು ಮರಣೋತ್ತರ ಪರೀಕ್ಷೆಗೆ ಕೊಟ್ಟವನು. ಪಕ್ಕದ ಟೀಮಿನದೂ ಹೀಗೇ ಸತ್ತಿತ್ತು ಎಂಬ ಉಪಮಾನ ಚಹಾ ವಿರಾಮಕ್ಕೆ ಸಾಕು.

ಉಳಿದದ್ದು ಅನುಮಾನ. ಸಾಯುವ ಕಂಟೇನರು ಎಕ್ಸಿಟ್ ಕೋಡ್ ಎಂಬ ಒಂದು ಸಂಖ್ಯೆ ಬಿಟ್ಟುಹೋಗುತ್ತದೆ. 127 ಎಂದರೆ ಕರೆದ ಕಮಾಂಡು ಒಳಗೆ ಇರಲೇ ಇಲ್ಲ. 0 ಎಂಬುದು ಸತ್ಯಹರಿಶ್ಚಂದ್ರನ ತುಂಡು: ತನ್ನಿಂದ ಏನೂ ತಪ್ಪಾಗಿಲ್ಲವೆನ್ನುತ್ತದೆ. ಒಳಗೆ ಎಷ್ಟೋ ಸಲ ನಡೆದದ್ದಿಷ್ಟೆ: ಒಂದನೇ ನಂಬರಿನ ಪ್ರಾಸೆಸ್ಸು ಕೆಲಸವನ್ನು ಹಿನ್ನೆಲೆಯ ಮಕ್ಕಳಿಗೆ ವಹಿಸಿ ತಾನು ಸಂನ್ಯಾಸ ತೆಗೆದುಕೊಂಡಿದೆ. ಯಜಮಾನ ಎದ್ದೊಡನೆ ಮನೆಯೇ ಮುಚ್ಚುವುದು ಈ ಲೋಕದ ನಿಯಮ.

ಅತಿ ವಿವಾದಾಸ್ಪದ ಸಂಖ್ಯೆ 137, ಅಂದರೆ 128ಕ್ಕೆ ಒಂಬತ್ತನೇ ಸಿಗ್ನಲ್ ಸೇರಿದ್ದು. ಇದು ಕೇಳಿ ಬರುವ ಸಾವಲ್ಲ, ಕೊಲೆ. ‘ಮೆಮೊರಿ ಸಾಲದೆ ಸತ್ತಿದೆ, 137 ಇರುವುದರಿಂದ’ ಎಂದು ಎಲ್ಲರೂ ಸಾಧಿಸುತ್ತಾರೆ. ಅನ್ನಂಭಟ್ಟರು ಈ ಬಗೆಯ ವಾದವನ್ನು 17ನೇ ಶತಮಾನದಲ್ಲೇ ಮುರಿದಿಟ್ಟಿದ್ದಾರೆ: ಬೆಂಕಿ ಇದ್ದಲ್ಲೆಲ್ಲ ಹೊಗೆ ಇರಬೇಕಿಲ್ಲ, ಕಾದ ಕಬ್ಬಿಣವನ್ನು ನೋಡಿ. ಹೊಗೆ ಬರಬೇಕಾದರೆ ಸೌದೆ ಹಸಿಯಾಗಿರಬೇಕು; ಅದೇ ಉಪಾಧಿ. ನಮ್ಮ ಹಸಿ ಸೌದೆ ‘ಡಾಕರ್ ಇನ್‌ಸ್ಪೆಕ್ಟ್’ನಲ್ಲಿ ಸಿಗುವ ‘ಓಓಎಂ ಕಿಲ್ಡ್’ ಎಂಬ ಸಾಲು. ಅದು ‘ಟ್ರೂ’ ಎಂದರೆ ಕೊಂದವನು ಕರ್ನೆಲ್. ಕಾಶಿಯಲ್ಲಿ ಯಮನಿಗೆ ಅಧಿಕಾರವಿಲ್ಲ, ದಂಡನೆಯೆಲ್ಲ ಕೊತ್ವಾಲ ಕಾಲಭೈರವನದೇ ಎನ್ನುತ್ತಾರಲ್ಲ, ಕರ್ನೆಲ್ಲಿನದೂ ಅದೇ ಠಾಣೆ, ಮೇಲ್ಮನವಿ ಇಲ್ಲ.

‘ಫಾಲ್ಸ್’ ಎಂದಿದ್ದರೆ ಕೊಲೆಗಾರ ಬೇರೆ. ಎಷ್ಟೋ ಸಲ ನಾವೇ. ‘ಡಾಕರ್ ಸ್ಟಾಪ್’ ಮೊದಲು ಹದಿನೈದನೇ ಸಿಗ್ನಲ್ಲಿನಿಂದ ವಿನಯವಾಗಿ ಹೊರಡಲು ಹೇಳಿ, 10 ಸೆಕೆಂಡು ಕಾದು, ಆಮೇಲೆ ಕತ್ತು ಹಿಸುಕುತ್ತದೆ. ಬಾಗಿಲಲ್ಲಿ ಕೂತ ಶೆಲ್ಲು ಆ ಮಾತನ್ನು ಒಳಗಿನವರಿಗೆ ದಾಟಿಸುವುದೇ ಇಲ್ಲ. ಕಾಶಿಯ ಮುಕ್ತಿಭವನದಲ್ಲಿ ಸಾಯಲು ಬಂದವರಿಗೆ ಸಾಮಾನ್ಯವಾಗಿ ಎರಡು ವಾರ ಕೊಡುತ್ತಾರೆ, ಕಿವಿಗೆ ತಾರಕಮಂತ್ರ ಹೇಳುವುದು ಸಾಕ್ಷಾತ್ ಶಿವ. ಇಲ್ಲಿ 10 ಸೆಕೆಂಡು, ಅದೂ ಕಿವುಡ ದ್ವಾರಪಾಲಕನ ಮೂಲಕ.

ಇನ್ನು ಮೋಕ್ಷವಿಚಾರ. ಕಾಶಿಯಲ್ಲಿ ಸತ್ತವರಿಗೆ ಪುನರ್ಜನ್ಮವಿಲ್ಲ. ಕಂಟೇನರುಗಳ ಮೇಸ್ತ್ರಿಯಾದ ಕುಬರ್ನೆಟೀಸಿನಲ್ಲಿ ಸತ್ತವರಿಗೆ ಸಾಮಾನ್ಯವಾಗಿ ಅದು ತಪ್ಪುವುದೇ ಇಲ್ಲ. ಮೊದಲು 10 ಸೆಕೆಂಡು ಬಿಟ್ಟು, ಆಮೇಲೆ 20, 40, 80, 160. ಕಡೆಗೆ ಐದೈದು ನಿಮಿಷಕ್ಕೊಂದು ಜನ್ಮ. ಹುಟ್ಟಿದ ಕ್ಷಣವೇ ಸಾಯುವುದೆಂದು ಇಟ್ಟುಕೊಂಡರೆ, ಶಾಸ್ತ್ರೋಕ್ತವಾದ 84 ಲಕ್ಷ ಜನ್ಮ ಮುಗಿಯಲು ಸುಮಾರು 80 ವರ್ಷ ಬೇಕು. ರೀಸ್ಟಾರ್ಟ್‌ವಾದಿಗಳು ಈ ಲೆಕ್ಕವನ್ನು ಒಪ್ಪಿದ್ದಾರೆ. ಅಲ್ಲಿಯವರೆಗೆ ಟಿಕೆಟನ್ನು ‘ಪರಿಶೀಲನೆಯಲ್ಲಿದೆ’ ಎಂದೇ ಇಡತಕ್ಕದ್ದೆಂಬುದು ಅವರ ಅಭಿಮತ.